ಮನೆ ಹೊಸದು, ಮಲ್ಲಿಗೆ ಹಳೆಯದು

ಹೊಸ ಮನೆ ಅಂದ ಕೂಡಲೇ ನಮ್ಮ ತಲೆಮಾರಿನವರ ಫೋನಿನಲ್ಲಿ ಮೊದಲು ತುಂಬಿಕೊಳ್ಳೋದು ಮಾಡ್ಯುಲರ್ ಕಿಚನ್ ಫೋಟೋಗಳು. ಆಮೇಲೆ ವಾರ್ಡ್‌ರೋಬ್, ಫಾಲ್ಸ್ ಸೀಲಿಂಗ್, ಟಿವಿ ಯೂನಿಟ್. ಮನೆ ಮುಂದಿನ ಮಣ್ಣಿನ ಸರದಿ ಬರುವುದು ಎಲ್ಲಕ್ಕಿಂತ ಕೊನೆಗೆ. ಅದೂ ಒಂದೇ ಒಂದು ಪ್ರಶ್ನೆಯ ರೂಪದಲ್ಲಿ: ‘ಇಲ್ಲಿ ಟೈಲ್ಸ್ ಹಾಕಿಸಿಬಿಡೋಣ್ವಾ?’

ನೀವು ಕೊಂಡಿರೋದು ಹಳೆಯ ಮನೆಯಾದರೆ ಈ ಪ್ರಶ್ನೆಗೆ ಉತ್ತರ ಕೊಡೋಕೆ ಮುಂಚೆ ಸ್ವಲ್ಪ ತಡೀರಿ. ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಮನೆ ಕೊಂಡವರಿಗೆ ಇಟ್ಟಿಗೆ-ಗಾರೆಯ ಜೊತೆ ಇನ್ನೊಂದು ವಸ್ತುವೂ ಸಿಕ್ಕಿರುತ್ತೆ. ಯಾರೋ ಇಪ್ಪತ್ತು-ಮೂವತ್ತು ವರ್ಷ ನೀರು ಹಾಕಿ ಬೆಳೆಸಿದ ಕೈದೋಟ. ಸೇಲ್ ಡೀಡ್‌ನಲ್ಲಿ ಅದರ ಬಗ್ಗೆ ಒಂದು ಸಾಲೂ ಇರೋಲ್ಲ, ಅದಕ್ಕೆ ಬ್ಯಾಂಕಿನವರು ಬೆಲೆ ಕಟ್ಟೋದೂ ಇಲ್ಲ. ಆದರೆ ಮನೆಯಲ್ಲಿ ಅತಿ ಹೆಚ್ಚು ಖುಷಿ ಕೊಡೋ ಜಾಗ ಅದೇ ಆಗಬಹುದು. ನಮ್ಮ ಮನೆಯಲ್ಲಿ ಹಾಗೇ ಆಯ್ತು.

ಟೈಲ್ಸಾ, ಮಣ್ಣಾ?

ವಿದ್ಯಾರಣ್ಯಪುರದ ಕಡೆ 30×50 ಸೈಟಿನಲ್ಲಿರುವ ಒಂದಂತಸ್ತಿನ ಹಳೆಯ ಮನೆಯಲ್ಲಿ ನಾವು ಹಾಲುಕ್ಕಿಸಿದ್ದು 2023ರ ನವೆಂಬರ್ ಕೊನೆಯಲ್ಲಿ. ಉತ್ತರದ ಬಾಗಿಲು. ಮುಂದೆ ಒಂದು ಕಾರು ನಿಲ್ಲುವಷ್ಟು ಪೋರ್ಟಿಕೊ, ಅದರ ಪಕ್ಕದಲ್ಲಿ 18 ಅಡಿ ಉದ್ದ, 12 ಅಡಿ ಅಗಲದ ಮಣ್ಣು. ಮನೆ ಒಂದು ವರ್ಷ ಖಾಲಿ ಇತ್ತು. ಹಾಗಾಗಿ ಆ ಮಣ್ಣಿನ ಮೇಲೆ ಪಾರ್ಥೇನಿಯಂ, ಒಣಗಿದ ಬಳ್ಳಿ, ಒಡೆದ ಕುಂಡ, ಯಾವುದೋ ರಿಪೇರಿಯ ನಂತರ ಸುರಿದುಹೋದ ಸಿಮೆಂಟು-ಜಲ್ಲಿ, ಎಲ್ಲ ಇತ್ತು. ಅವುಗಳ ನಡುವೆ ಸೊಂಟದೆತ್ತರಕ್ಕೆ ಗೋಜಲಾಗಿ ಬೆಳೆದ ಮಲ್ಲಿಗೆ ಪೊದೆ, ನಾಲ್ಕು ಗುಲಾಬಿ, ಹಿಟ್ಟು ತಿಗಣೆ ಹತ್ತಿದ ದಾಸವಾಳ, ಮೂಲೆಯಲ್ಲಿ ಒಂದೂ ಎಲೆಯಿಲ್ಲದ ಬೋಳು ಕೊಂಬೆಗಳ ಗಿಡ.

‘ಪೂರ್ತಿ ಕ್ಲೀನ್ ಮಾಡಿಸಿ ಇಂಟರ್‌ಲಾಕ್ ಹಾಕಿಸೋಣ, ಯಾರಾದ್ರೂ ಬಂದ್ರೆ ಇನ್ನೊಂದು ಕಾರು ನಿಲ್ಲುತ್ತೆ’ ಅಂತ ನನ್ನ ಗಂಡ. ಅವನ ಮಾತಿನಲ್ಲಿ ನ್ಯಾಯ ಇರಲಿಲ್ಲ ಅಂತಲ್ಲ. ನಮ್ಮ ರಸ್ತೆಯಲ್ಲಿ ಪಾರ್ಕಿಂಗ್ ಜಗಳ ಆಗದ ವಾರ ಇಲ್ಲ. ನಾನು ಗೂಗಲ್‌ನಲ್ಲಿ ಮಳೆ ಲೆಕ್ಕ ತೆಗೆದೆ. ಆ ಜಾಗ 216 ಚದರ ಅಡಿ, ಅಂದ್ರೆ ಸುಮಾರು 20 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಸಂಜೆ 25 ಮಿ.ಮೀ. ಮಳೆ ಬಂದರೆ ಅಷ್ಟೇ ಜಾಗದ ಮೇಲೆ 500 ಲೀಟರ್ ಬೀಳುತ್ತೆ. ಮಣ್ಣಿದ್ದರೆ ಬಹುಪಾಲು ಒಳಗೆ ಇಳಿಯುತ್ತೆ, ಟೈಲ್ಸ್ ಇದ್ದರೆ ಬಹುಪಾಲು ರಸ್ತೆಗೆ ಹರಿಯುತ್ತೆ. ರಸ್ತೆ ಕೆರೆಯಾಯ್ತು ಅಂತ ಬಯ್ಯೋರು ನಾವೇ ತಾನೇ?

ಆದರೆ ತೀರ್ಮಾನ ಆಗಿದ್ದು ನನ್ನ ಲೆಕ್ಕದಿಂದ ಅಲ್ಲ, ಅತ್ತೆಯಿಂದ. ಮಾವ ತೀರಿಕೊಂಡ ಮೇಲೆ ಸಾಗರದ ಕಡೆಯ ಹಳ್ಳಿ ಮನೆಗೆ ಬೀಗ ಹಾಕಿ ಅವರು ನಮ್ಮ ಜೊತೆ ಬಂದಿದ್ದರು. ಊಟ, ತಿಂಡಿ, ಔಷಧಿ ಯಾವುದಕ್ಕೂ ತಕರಾರಿಲ್ಲ. ಆದರೆ ಈ ಮನೆಯನ್ನು ಅವರು ‘ನಿಮ್ಮನೆ’ ಅಂತಲೇ ಕರೀತಿದ್ದರು. ‘ನಿಮ್ಮನೆ ಗೇಟು ಕಿರಗುಟ್ತದೆ’, ‘ನಿಮ್ಮನೆ ನಲ್ಲಿ ಸೋರ್ತಾ ಉಂಟು’ ಅಂತ. ತಂದಿದ್ದ ಎರಡು ಟ್ರಂಕುಗಳಲ್ಲಿ ಒಂದನ್ನು ತೆಗೆದೇ ಇರಲಿಲ್ಲ.

ಟೈಲ್ಸ್‌ನವರು ಅಳತೆ ತೆಗೆಯಲು ಬಂದ ದಿನ ಅತ್ತೆ ಮಲ್ಲಿಗೆ ಪೊದೆ ಹತ್ತಿರ ಬಗ್ಗಿ, ಬುಡದ ಮಣ್ಣು ಕೆದಕಿ ನೋಡಿ, ‘ಇದಕ್ಕೆ ಏನಿಲ್ಲಂದ್ರೂ ಹದಿನೈದು ವರ್ಷ ಆಗ್ಯದೆ. ಎಂತಕ್ಕೆ ಕೀಳ್ತೀರಿ ಮಾರಾಯ್ರೆ?’ ಅಂದ್ರು. ಮನೆಗೆ ಬಂದ ಮೇಲೆ ಅವರು ಏನನ್ನಾದರೂ ಬೇಡ ಅಂದಿದ್ದು ಅದೇ ಮೊದಲು. ಟೈಲ್ಸ್‌ನವರು ಪೋರ್ಟಿಕೊ ಮಾತ್ರ ಅಳೆದುಕೊಂಡು ಹೋದರು.

ಮೊದಲು ನೋಡಿ, ಆಮೇಲೆ ಅಗೆಯಿರಿ

ಸಾಫ್ಟ್‌ವೇರ್ ಕೆಲಸದಲ್ಲಿ ಹಳೆಯ ಕೋಡ್ ಕೈಗೆ ಬಂದಾಗ ಹಿರಿಯರು ಹೇಳೋ ಮಾತೊಂದಿದೆ: ಏನಕ್ಕಿದೆ ಅಂತ ಗೊತ್ತಾಗೋವರೆಗೂ ಒಂದು ಸಾಲನ್ನೂ ಅಳಿಸಬೇಡ. ಹಳೆಯ ಕೈದೋಟಕ್ಕೂ ಇದೇ ನಿಯಮ. ಕಳೆ ಕೀಳಿ, ಕಸ ತೆಗೀರಿ, ಆದರೆ ಗಿಡ ಮತ್ತು ಮಣ್ಣನ್ನು ಒಂದು ವರ್ಷ ಗಮನಿಸಿ. ಕನಿಷ್ಠ ಒಂದು ಮಳೆಗಾಲ ಬರೋವರೆಗಾದರೂ ಕಾಯಿರಿ.

ಬೋಳು ಕೊಂಬೆಗಳ ಗಿಡವನ್ನೇ ತಗೊಳ್ಳಿ. ಕ್ಲೀನ್ ಮಾಡೋಕೆ ಬಂದವರು ‘ಇದು ಸತ್ತೋಗಿದೆ ಮೇಡಂ’ ಅಂತ ಕೊಡಲಿ ಎತ್ತಿದ್ದರು. ಸತ್ತಿದೆಯಾ ಇಲ್ವಾ ಅಂತ ತಿಳಿಯೋಕೆ ಸುಲಭದ ದಾರಿ ಇದೆ. ಉಗುರಿನಿಂದ ತೊಗಟೆ ಸ್ವಲ್ಪ ಕೆರೆಯಬೇಕು. ಒಳಗೆ ಹಸಿರು, ತೇವ ಕಂಡರೆ ಜೀವ ಇದೆ. ಕಂದು ಬಣ್ಣ ಬಂದು ಒಣಗಿ ಪುಡಿಯಾದರೆ ಇಲ್ಲ. ನಾವು ಕೆರೆದಾಗ ಬಿಳಿ ಹಾಲು ಬಂತು. ಅದು ದೇವಕಣಗಿಲೆ. ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲೋದು ಅದರ ಸ್ವಭಾವ. ಏಪ್ರಿಲ್ ಹೊತ್ತಿಗೆ ಅದರ ತುದಿತುದಿಯಲ್ಲಿ ಬಿಳಿ-ಹಳದಿ ಹೂ ಗೊಂಚಲು.

ಮೇ ತಿಂಗಳ ಮೊದಲ ಮಳೆಗಳ ನಂತರ ಇನ್ನೊಂದು ಆಶ್ಚರ್ಯ. ಖಾಲಿ ಅಂದುಕೊಂಡಿದ್ದ ಜಾಗದಲ್ಲಿ ನೆಲ ಸೀಳಿಕೊಂಡು ದಪ್ಪ ಕಾಂಡ ಎದ್ದು, ಅದರ ತುದಿಯಲ್ಲಿ ಕೆಂಪು ಚೆಂಡಿನಂಥ ಹೂ. ಅತ್ತೆ ನೋಡಿದ್ದೇ ‘ಮೇ ಫ್ಲವರ್!’ ಅಂದ್ರು. ವರ್ಷದ ಬಹುಕಾಲ ಅದು ಬರೀ ಗೆಡ್ಡೆಯಾಗಿ ಮಣ್ಣೊಳಗೆ ಮಲಗಿರುತ್ತೆ. ಡಿಸೆಂಬರ್‌ನಲ್ಲೇ ಮಣ್ಣು ಬದಲಾಯಿಸಿದ್ದರೆ ಅದು ಜಲ್ಲಿ ಜೊತೆ ಟ್ರ್ಯಾಕ್ಟರ್ ಹತ್ತಿ ಹೋಗಿರೋದು, ಅಲ್ಲಿತ್ತು ಅಂತ ನಮಗೆ ಗೊತ್ತೂ ಆಗ್ತಿರಲಿಲ್ಲ.

ಹಿಂದಿನ ಮನೆಯವರ ಫೋನ್ ನಂಬರ್ ಇದ್ದರೆ ಒಂದು ಕರೆ ಮಾಡಿ ಕೇಳಿ. ನಾನು ಕೇಳಿದೆ. ಈಗ ಮಗಳ ಜೊತೆ ಮೈಸೂರಿನಲ್ಲಿರೋ ಆ ಹಿರಿಯರು ಮನೆಯ ಬಗ್ಗೆ ಏನೂ ಕೇಳಲಿಲ್ಲ. ‘ಮಲ್ಲಿಗೆ ಇದೆಯಾಮ್ಮ?’ ಅಂತ ಮಾತ್ರ ಕೇಳಿದರು. ಇದೆ ಅಂದಾಗ, ಯಾವ ಗುಲಾಬಿ ಯಾವ ಬಣ್ಣ, ಕಾಂಪೌಂಡ್ ಪಕ್ಕ ಮಣ್ಣಿನ ಕೆಳಗೆ ಪೈಪು ಎಲ್ಲಿ ಹೋಗಿದೆ, ಎಲ್ಲ ಬಾಯಿಪಾಠದಂತೆ ಹೇಳಿದರು. ಆ ಪೈಪಿನ ಮಾಹಿತಿಯೊಂದೇ ನಮಗೆ ಸಾವಿರಾರು ರೂಪಾಯಿ ಉಳಿಸಿತು.

ಬಿಸಿಲಿನ ಲೆಕ್ಕ

ಯಾವ ಗಿಡ ಎಲ್ಲಿ ಅಂತ ತೀರ್ಮಾನಿಸೋದು ನಾವಲ್ಲ, ಬಿಸಿಲು. ಮಲ್ಲಿಗೆ, ಗುಲಾಬಿ, ಸೇವಂತಿಗೆಗೆಲ್ಲ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಕನಕಾಂಬರ ಅರೆನೆರಳಲ್ಲೂ ಸಾಕಷ್ಟು ಹೂ ಕೊಡುತ್ತೆ.

ತಿಂಗಳಿಗೊಂದು ಭಾನುವಾರ ಬೆಳಗ್ಗೆ 9, ಮಧ್ಯಾಹ್ನ 12, ಸಂಜೆ 4ಕ್ಕೆ ಟೆರೇಸಿನ ಒಂದೇ ಜಾಗದಲ್ಲಿ ನಿಂತು ಕೈದೋಟದ ಫೋಟೋ ತೆಗೆದಿಡಿ. ನಾಲ್ಕು ತಿಂಗಳಾದ ಮೇಲೆ ಅವನ್ನು ಒಟ್ಟಿಗೆ ನೋಡಿದರೆ ನೆರಳು ಎಷ್ಟು ಓಡಾಡುತ್ತೆ ಅಂತ ಗೊತ್ತಾಗುತ್ತೆ. ಬೆಂಗಳೂರು ಇರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ಒಂದೊಂದು ದಿನ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬಂದು ನೆರಳೇ ಬೀಳೋಲ್ಲ. ಅದೇ ಶೂನ್ಯ ನೆರಳಿನ ದಿನ. ಈ ಎರಡರ ನಡುವಿನ ತಿಂಗಳುಗಳಲ್ಲಿ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ತುಂಬಾ ವಾಲಿರುತ್ತಾನೆ. ಆಗ ಪ್ಯಾರಾಪೆಟ್ ಸೇರಿ 14 ಅಡಿ ಎತ್ತರದ ಮನೆ ಮಧ್ಯಾಹ್ನ 12ಕ್ಕೂ ಉತ್ತರಕ್ಕೆ ಸುಮಾರು 10 ಅಡಿ ನೆರಳು ಚೆಲ್ಲುತ್ತೆ.

ಅಂದ್ರೆ ಉತ್ತರ ಬಾಗಿಲಿನ ನಮ್ಮ ಮನೆಯ 12 ಅಡಿ ಅಗಲದ ಕೈದೋಟ ಚಳಿಗಾಲದಲ್ಲಿ ಹೆಚ್ಚುಕಡಿಮೆ ನೆರಳು, ಮಾರ್ಚ್ ನಂತರ ಒಳ್ಳೆ ಬಿಸಿಲು. ಬೇಸಿಗೆಯಲ್ಲಿ ಅರಳೋ ಮಲ್ಲಿಗೆಗೆ ಇದು ಹೇಳಿ ಮಾಡಿಸಿದ ಜಾಗ. ಹಿಂದಿನ ಮನೆಯ ಹಿರಿಯರು ಅಕ್ಷಾಂಶದ ಲೆಕ್ಕ ಹಾಕಿರಲಿಕ್ಕಿಲ್ಲ, ನೋಡಿ ನೋಡಿಯೇ ನೆಟ್ಟಿದ್ದರು. ಆದ್ದರಿಂದ ಮಲ್ಲಿಗೆಯನ್ನು ಇದ್ದಲ್ಲೇ ಬಿಟ್ಟೆವು. ಗೋಡೆ ಪಕ್ಕ ಕನಕಾಂಬರ, ಕಾಂಪೌಂಡ್ ಕಡೆ ಗುಲಾಬಿ, ದಾಸವಾಳ ಅಂತ ಜಾಗ ಹಂಚಿದೆವು.

ಮಣ್ಣಿನ ಕೆಲಸ

ಜಲ್ಲಿ ಸುರಿದಿದ್ದ ಮೂಲೆಯಲ್ಲಿ ಹುಲ್ಲು ಕೂಡ ಹಳದಿಯಾಗಿತ್ತು. ಸಿಮೆಂಟಿನಲ್ಲಿರೋ ಸುಣ್ಣ ಮಣ್ಣಿನ ಕ್ಷಾರ ಹೆಚ್ಚಿಸುತ್ತೆ. ಆಗ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಅದನ್ನು ಹೀರಿಕೊಳ್ಳೋಕೆ ಆಗಲ್ಲ, ಎಲೆ ಬಿಳಿಚಿಕೊಳ್ಳುತ್ತೆ. ಇದಕ್ಕೆ ಗೊಬ್ಬರ ಸುರಿದು ಪ್ರಯೋಜನ ಇಲ್ಲ. ಆ ಮೂಲೆಯಲ್ಲಿ ಮಾತ್ರ ಒಂದಡಿ ಆಳಕ್ಕೆ ಅಗೆದು ಜಲ್ಲಿ-ಸಿಮೆಂಟು ಹೆಕ್ಕಿ ತೆಗೆದು, ಕೆಮ್ಮಣ್ಣು ಮತ್ತು ಕಾಂಪೋಸ್ಟ್ ಸಮಸಮ ಬೆರೆಸಿ ತುಂಬಿದೆವು. ಉಳಿದ ಕಡೆ ಮೇಲ್ಮಣ್ಣನ್ನು ಸಡಿಲಿಸಿ, ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿದ್ದು ಅಷ್ಟೇ.

ನೀರು ಇಂಗುತ್ತಾ ಅಂತ ನೋಡೋಕೆ ಲ್ಯಾಬ್ ಬೇಕಿಲ್ಲ. ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ. ಒಮ್ಮೆ ನೀರು ತುಂಬಿ ಇಳಿಯೋಕೆ ಬಿಡಿ, ಮತ್ತೆ ತುಂಬಿ. ಎರಡನೇ ಸಲದ ನೀರು ಕೆಲವು ಗಂಟೆಗಳಲ್ಲಿ ಇಳಿದರೆ ಸರಿ. ಮರುದಿನವೂ ನಿಂತಿದ್ದರೆ ಅಲ್ಲಿ ಗುಲಾಬಿ, ಮಲ್ಲಿಗೆ ನೆಡಬೇಡಿ, ಬೇರು ಕೊಳೆಯುತ್ತೆ. ಇಲ್ಲದಿದ್ದರೆ ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ.

ಓಡಾಡೋಕೆ ದಾರಿ ಬೇಕಲ್ಲ, ಅದಕ್ಕೆ ಕಾಂಕ್ರೀಟ್ ಬದಲು ಸಾದರಹಳ್ಳಿ ಕಲ್ಲಿನ ಚಪ್ಪಡಿಗಳನ್ನು ಹೆಜ್ಜೆಗೊಂದರಂತೆ ಮಣ್ಣಿನ ಮೇಲೇ ಕೂರಿಸಿದೆವು. ನಡುವಿನ ಸಂದಿಯಲ್ಲಿ ನೀರು ಇಳಿಯುತ್ತೆ. ಈ ಕೆಲಸವನ್ನು ಟೈಲ್ಸ್ ಬೇಕು ಅಂದವನೇ ಎರಡು ಶನಿವಾರ ಕೂತು ಮುಗಿಸಿದ. ಮಟ್ಟ ಸರಿಯಿದೆಯಾ ಅಂತ ಫೋನಿನ ಲೆವೆಲ್ ಆಪ್ ಇಟ್ಟು ನೋಡ್ತಿದ್ದ. ಅತ್ತೆ ದೂರದಿಂದಲೇ ‘ಎಡಗಡೆ ತಗ್ಗು’ ಅಂತಿದ್ದರು. ಆಪ್‌ಗಿಂತ ಅವರೇ ಹೆಚ್ಚು ಸಲ ಸರಿ.

ಕತ್ತರಿ ಹಾಕುವ ಧೈರ್ಯ

ಎಲ್ಲದಕ್ಕೂ ಕಾಯಬೇಕು ಅಂದೆನಲ್ಲ, ಒಂದಕ್ಕೆ ಮಾತ್ರ ಕಾಯುವ ಹಾಗಿರಲಿಲ್ಲ. ಮಲ್ಲಿಗೆ ಹೂ ಬಿಡೋದು ಹೊಸ ಚಿಗುರಿನಲ್ಲಿ. ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ ಗಿಡ ಸವರಿದರೆ ಬೇಸಿಗೆ ಹೊತ್ತಿಗೆ ಚಿಗುರೂ ಮೊಗ್ಗೂ ಬರುತ್ತೆ. ಬಿಟ್ಟರೆ ಗಿಡ ಬಳ್ಳಿಯಂತೆ ಹಬ್ಬಿ ತುದಿಯಲ್ಲಿ ನಾಲ್ಕು ಹೂ ಅಷ್ಟೇ.

ಅತ್ತೆ ಕತ್ತರಿ ತಗೊಂಡು ನೆಲದಿಂದ ಒಂದೂವರೆ ಅಡಿ ಬಿಟ್ಟು ಎಲ್ಲ ಕತ್ತರಿಸಿಬಿಟ್ಟರು. ಒಣ ಕೊಂಬೆ, ಒಂದಕ್ಕೊಂದು ಉಜ್ಜೋ ಕೊಂಬೆ ಬುಡದಿಂದಲೇ ಹೋಯ್ತು. ಉಳಿದ ಎಲೆಗಳನ್ನೂ ತರಿದು ಹಾಕಿದರು. ನೋಡೋಕೆ ಸಂಕಟ ಆಗ್ತಿತ್ತು. ‘ಹೆದರಬೇಡ ಮಾರಾಯ್ತಿ, ಬೇರು ಗಟ್ಟಿ ಉಂಟು’ ಅಂತ ನನಗೆ ಸಮಾಧಾನ ಹೇಳಿ, ಬುಡ ಬಿಡಿಸಿ ಗೊಬ್ಬರ ಕೊಟ್ಟರು.

ಗುಲಾಬಿಯದ್ದು ಬೇರೆ ಕಥೆ. ನರ್ಸರಿಯಲ್ಲಿ ಸಿಗೋ ಗುಲಾಬಿಗಳು ಸಾಮಾನ್ಯವಾಗಿ ಕಣ್ಣು ಕಸಿ ಮಾಡಿದವು. ಕೆಳಗಿನ ಬೇರು ಕಾಡುಗುಲಾಬಿಯದ್ದು, ಮೇಲಿನ ಹೂ ನಮಗೆ ಬೇಕಾದದ್ದು. ಆರೈಕೆ ಇಲ್ಲದಿದ್ದಾಗ ಕಸಿ ಗಂಟಿನ ಕೆಳಗಿಂದ ಕಾಡು ಕೊಂಬೆ ಹೊರಟು, ಅದೇ ಎತ್ತರಕ್ಕೆ ಬೆಳೆದು ಮೇಲಿನದ್ದನ್ನು ಸೊರಗಿಸಿಬಿಡುತ್ತೆ. ನಮ್ಮ ನಾಲ್ಕರಲ್ಲಿ ಎರಡು ಪೂರ್ತಿ ಕಾಡಾಗಿದ್ದವು. ಇನ್ನೆರಡರಲ್ಲಿ ಗಂಟಿನ ಕೆಳಗಿನ ಕೊಂಬೆ ತೆಗೆದ ಮೇಲೆ ಒಂದು ಗುಲಾಬಿ ಬಣ್ಣ, ಒಂದು ತಿಳಿಹಳದಿ ಅರಳಿದವು. ಮೈಸೂರಿನ ಹಿರಿಯರು ಹೇಳಿದ್ದ ಬಣ್ಣಗಳೇ.

ದಾಸವಾಳದ ಹಿಟ್ಟು ತಿಗಣೆಗೆ ರಭಸದ ನೀರು, ತೀರಾ ಹತ್ತಿದ ಕೊಂಬೆಗಳಿಗೆ ಕತ್ತರಿ, ಆಮೇಲೆ ವಾರಕ್ಕೊಮ್ಮೆ ಬೇವಿನೆಣ್ಣೆ. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಬೆರೆಯೋಕೆ ಕೆಲವು ಹನಿ ಸೋಪಿನ ದ್ರಾವಣ. ಸಂಜೆ ಹೊತ್ತು ಎಲೆಯ ಕೆಳಭಾಗಕ್ಕೂ ಬೀಳೋ ಹಾಗೆ ಸಿಂಪಡಿಸಿ. ಇರುವೆಗಳ ಸಾಲು ಕಂಡರೆ ಅದನ್ನೂ ತಡೀರಿ. ತಿಗಣೆ ಬಿಡೋ ಸಿಹಿ ಅಂಟಿನ ಆಸೆಗೆ ಇರುವೆಗಳೇ ಅವನ್ನು ಕಾಯ್ತವೆ.

ನೀರಿಲ್ಲದ ಬೇಸಿಗೆ

2024ರ ಬೇಸಿಗೆ ಬೆಂಗಳೂರಿನವರು ಮರೆಯೋ ಹಾಗಿಲ್ಲ. ಬೋರ್‌ವೆಲ್‌ಗಳು ಬತ್ತಿದವು, ಟ್ಯಾಂಕರ್‌ಗೆ ಕ್ಯೂ. ಮಾರ್ಚ್‌ನಲ್ಲಿ ಜಲಮಂಡಳಿ ವಾಹನ ತೊಳೆಯೋಕೆ, ಕೈದೋಟಕ್ಕೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ನಮ್ಮ ಮಲ್ಲಿಗೆ ಆಗಷ್ಟೇ ಮೊಗ್ಗು ಹಿಡಿದಿತ್ತು.

ಅಡುಗೆಮನೆಯ ಸಿಂಕ್ ಪಕ್ಕ ಎರಡು ಬಕೆಟ್ ಬಂದವು. ಅಕ್ಕಿ, ಬೇಳೆ, ತರಕಾರಿ, ಸೊಪ್ಪು ತೊಳೆದ ನೀರೆಲ್ಲ ಅಲ್ಲಿಗೆ. ನಾಲ್ಕು ಜನರ ಮನೆಯಲ್ಲಿ ಇದು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಸಿಗುತ್ತೆ. ಆರ್‌ಓ ಫಿಲ್ಟರಿನಿಂದ ಹೊರಬರೋ ನೀರಲ್ಲಿ ಲವಣ ಹೆಚ್ಚು, ಅದನ್ನು ನೆಲ ಒರೆಸೋಕೆ ಇಟ್ಟುಕೊಂಡೆವು. ವಾಷಿಂಗ್ ಮಷಿನ್ ನೀರು ಗಿಡಕ್ಕೆ ಬೇಡ.

ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಒಣ ಎಲೆ. ರಸ್ತೆ ಬದಿಯ ಮರಗಳು ಉದುರಿಸಿದ ಎಲೆಗಳನ್ನು ಮೂಟೆ ಕಟ್ಟಿ ತಂದು ಗಿಡಗಳ ಬುಡಕ್ಕೆ ಮೂರು-ನಾಲ್ಕು ಇಂಚು ದಪ್ಪ ಹೊದಿಸಿದೆವು. ಕಾಂಡಕ್ಕೆ ತಾಗದ ಹಾಗೆ ಸ್ವಲ್ಪ ಜಾಗ ಬಿಡಬೇಕು. ಎಲೆ ಸರಿಸಿ ಬೆರಳಿಟ್ಟರೆ ಮೂರನೇ ದಿನವೂ ಮಣ್ಣು ತಣ್ಣಗೆ ಇರ್ತಿತ್ತು. ದಿನಾ ಹಾಕ್ತಿದ್ದ ನೀರು ಎರಡು ದಿನಕ್ಕೊಮ್ಮೆ, ಆಮೇಲೆ ಮೂರು ದಿನಕ್ಕೊಮ್ಮೆ ಆಯ್ತು.

ಆ ಬೇಸಿಗೆಯಲ್ಲಿ ಆ ಒಂದೂವರೆ ಅಡಿಯ ಮೋಟು ಗಿಡ ಮೈತುಂಬ ಹೂ ಬಿಟ್ಟಿತು. ಮೈಸೂರು, ಉಡುಪಿ, ಹಡಗಲಿ ಮಲ್ಲಿಗೆಗಳಿಗೆ ಜಿಐ ಮಾನ್ಯತೆ ಇದೆ. ನಮ್ಮದು ಯಾವ ಮಾನ್ಯತೆಯೂ ಇಲ್ಲದ ದುಂಡುಮಲ್ಲಿಗೆ. ಆದರೆ ಸಂಜೆ ಏಳರ ಹೊತ್ತಿಗೆ, ನಾನು ಲ್ಯಾಪ್‌ಟಾಪ್ ಮುಂದೆ ಇನ್ನೂ ಕಾಲ್‌ನಲ್ಲಿ ಇರುವಾಗ, ಕಿಟಕಿಯಿಂದ ಪರಿಮಳ ಒಳಗೆ ಬರೋದು. ಬಿರಿಯುವ ಮೊದಲೇ ಮೊಗ್ಗು ಬಿಡಿಸಿ ಬಾಳೆನಾರಿನಲ್ಲಿ ಕಟ್ಟೋದು ಅತ್ತೆಯ ದಿನಚರಿ ಆಯ್ತು. ಒಂದು ಮೊಳ ದೇವರಿಗೆ, ಒಂದು ಮೊಳ ಎದುರು ಮನೆಗೆ. ಹೂವಿನ ನೆಪದಲ್ಲಿ ಎದುರು ಮನೆಯವರ ಹೆಸರು, ಊರು, ಮಕ್ಕಳು ಎಲ್ಲ ಅವರಿಗೆ ಗೊತ್ತಾಗಿಬಿಟ್ಟಿತು. ನನಗೆ ಆ ರಸ್ತೆಯಲ್ಲಿ ಅಲ್ಲಿವರೆಗೂ ಪರಿಚಯ ಇದ್ದದ್ದು ಡೆಲಿವರಿ ಹುಡುಗರು ಮಾತ್ರ.

ಡೇರೆ ಗೆಡ್ಡೆ

ಮೇ ಎರಡನೇ ವಾರ ಅತ್ತೆ ಆ ಎರಡನೇ ಟ್ರಂಕ್ ತೆಗೆದರು. ಸೀರೆಗಳ ಕೆಳಗೆ ಒಂದು ಡಬ್ಬಿ, ಅದರಲ್ಲಿ ಒಣ ಮರಳು, ಮರಳಿನೊಳಗೆ ಗೆಣಸಿನಂಥ ಗೆಡ್ಡೆಗಳು. ಡೇರೆ!

ಮಲೆನಾಡಿನವರಿಗೆ ಹೇಳಬೇಕಿಲ್ಲ. ಬೇರೆಯವರಿಗೆ ಒಂದು ಮಾತು: ಮೆಕ್ಸಿಕೋ ಮೂಲದ ಡೇಲಿಯಾ ಮಲೆನಾಡಿನ ಅಂಗಳದಲ್ಲಿ ಡೇರೆ ಆಗಿದೆ. ಶಿರಸಿ, ಸಾಗರದ ಕಡೆ ಮಳೆಗಾಲದಲ್ಲಿ ಯಾರ ಮನೆ ಅಂಗಳದಲ್ಲಿ ಎಷ್ಟು ಬಣ್ಣದ ಡೇರೆ ಇದೆ ಅನ್ನೋದು ಹೆಂಗಸರ ನಡುವೆ ದೊಡ್ಡ ವಿಷಯ. ಗೆಡ್ಡೆ ಕೊಡೋದು, ತಗೊಳ್ಳೋದು, ಕೆಲವು ಸಲ ಕೇಳದೇ ಮುರಿದುಕೊಂಡು ಬರೋದು, ಎಲ್ಲ ನಡೆಯುತ್ತೆ. ಅತ್ತೆ ಆರು ತಿಂಗಳು ಆ ಡಬ್ಬಿಯ ವಿಷಯ ಬಾಯಿ ಬಿಟ್ಟಿರಲಿಲ್ಲ. ‘ಇಲ್ಲಿ ಜಾಗ ಆಗ್ತದೋ ಇಲ್ಲವೋ ಅಂತ ಗೊತ್ತಿರಲಿಲ್ಲ’ ಅಂದ್ರು, ಅಷ್ಟೇ.

ಡೇರೆ ನೆಡೋಕೆ ಒಂದು ಗುಟ್ಟಿದೆ. ಚಿಗುರೋ ಕಣ್ಣು ಇರೋದು ಗೆಡ್ಡೆಯ ಮೈಯಲ್ಲಿ ಅಲ್ಲ, ಹಳೆ ಕಾಂಡ ಸೇರೋ ಕುತ್ತಿಗೆಯಲ್ಲಿ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ದರೂ ಮೊಳೆಯಲ್ಲ. ಕಾಂಡದ ತುಂಡು ಸೇರಿಸಿಯೇ ಬಿಡಿಸಬೇಕು. ನಾಲ್ಕು ಇಂಚು ಆಳಕ್ಕೆ ಅಡ್ಡಲಾಗಿ ಮಲಗಿಸಿ ಮಣ್ಣು ಮುಚ್ಚಬೇಕು. ಮೊಳಕೆ ಬರೋವರೆಗೆ ನೀರು ಕಡಿಮೆ, ಇಲ್ಲದಿದ್ದರೆ ಕೊಳೆಯುತ್ತೆ. ಊರುಗೋಲನ್ನು ನೆಡುವಾಗಲೇ ಊರಿಬಿಡಿ. ಆಮೇಲೆ ಊರಿದರೆ ಗೆಡ್ಡೆಗೇ ಚುಚ್ಚುತ್ತೆ.

ಹನ್ನೊಂದು ಗೆಡ್ಡೆ ನೆಟ್ಟೆವು. ಮೊಳಕೆ ಗೇಣುದ್ದ ಬಂದಿದ್ದಾಗ ಜೂನ್ 2ರ ಭಾನುವಾರ ಬಂತು. ಅವತ್ತು ಬೆಂಗಳೂರಿನಲ್ಲಿ ಒಂದೇ ದಿನ 111 ಮಿ.ಮೀ. ಮಳೆ. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ಅದು 1891ರ ದಾಖಲೆಯನ್ನೂ ಮುರಿಯಿತು. ನಗರದ ತುಂಬ ಮರಗಳು ಉರುಳಿದವು. ಗಾಳಿ ಶುರುವಾದ ಕೂಡಲೇ ಅತ್ತೆ ಬಕೆಟ್, ಬುಟ್ಟಿ, ಇಡ್ಲಿ ಪಾತ್ರೆ, ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಡೇರೆ ಮೊಳಕೆಗಳ ಮೇಲೆ ಬೋರಲು ಹಾಕಿ, ಹಾರದ ಹಾಗೆ ಕಲ್ಲು ಹೇರಿದರು. ನಾನೂ ಗಂಡನೂ ನೆನೆಯುತ್ತಾ ಕಲ್ಲು ಸಾಗಿಸಿದೆವು.

ಲೆಕ್ಕದ ಪ್ರಕಾರ ಅವತ್ತು ನಮ್ಮ ಆ ತುಂಡು ನೆಲದ ಮೇಲೆ ಬಿದ್ದ ನೀರು 2,200 ಲೀಟರ್. ಅಷ್ಟೂ ಇಂಗಿತು ಅಂತ ನಾನು ಹೇಳೋಲ್ಲ. ರಸ್ತೆಯಲ್ಲಿ ಮೊಣಕಾಲುದ್ದ ನೀರಿತ್ತು, ನಮ್ಮ ಗೇಟಿನಿಂದಲೂ ಸ್ವಲ್ಪ ಹೋಗಿರಬೇಕು. ಆದರೆ ಬೆಳಗ್ಗೆ ನೋಡಿದಾಗ ಕೈದೋಟದಲ್ಲಿ ನೀರು ನಿಂತಿರಲಿಲ್ಲ. ಬಕೆಟ್ ಎತ್ತಿದರೆ ಹನ್ನೊಂದರಲ್ಲಿ ಒಂಬತ್ತು ಮೊಳಕೆ ನೆಟ್ಟಗೆ ನಿಂತಿದ್ದವು.

ಆಗಸ್ಟ್‌ನಲ್ಲಿ ಮೊದಲ ಹೂ ಬಂತು. ತಟ್ಟೆಯಷ್ಟಗಲ, ಕಡು ನೇರಳೆ. ವರಮಹಾಲಕ್ಷ್ಮಿ ಹಬ್ಬದ ಮುನ್ನಾದಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಕನಕಾಂಬರದ ರೇಟು ಕೇಳಿದರೇ ಎದೆ ಧಸಕ್ ಅನ್ನುತ್ತೆ, ನಿಮಗೆ ಗೊತ್ತು. ನಾವು ಮಾರ್ಕೆಟ್ಟಿಗೆ ಹೋಗಲಿಲ್ಲ. ಗೌರಿ ಹಬ್ಬದ ಬೆಳಗ್ಗೆ ಎದುರು ಮನೆಯವರು ಬಂದು ‘ಎಷ್ಟು ಚೆನ್ನಾಗಿದೆ, ಎಲ್ಲಿಂದ ತರಿಸಿದ್ರಿ?’ ಅಂತ ಕೇಳಿದರು. ‘ತರಿಸಿದ್ದಲ್ಲ, ನಮ್ಮನೇದೇ’ ಅಂದ್ರು ಅತ್ತೆ. ಅಂದವರಿಗೆ ಅದು ಗಮನಕ್ಕೇ ಬರಲಿಲ್ಲ. ಒಳಗೆ ಕಾಫಿ ಸೋಸುತ್ತಿದ್ದ ನನ್ನ ಕೈ ಮಾತ್ರ ಒಂದು ಕ್ಷಣ ನಿಂತಿತು.

ಬೀದಿ ದೀಪ ಮತ್ತು ಸೇವಂತಿಗೆ

ಕೈದೋಟದ ಖುಷಿ ಬರೀ ಹೂವಿನದ್ದಲ್ಲ, ಒಗಟು ಬಿಡಿಸೋ ಖುಷಿಯೂ ಹೌದು. ಆ ಚಳಿಗಾಲದಲ್ಲಿ ಒಂದೇ ತಾಯಿ ಗಿಡದ ಎರಡು ಸೇವಂತಿಗೆ ಕುಂಡ ಇಟ್ಟಿದ್ದೆವು. ಒಂದು ಕಾಂಪೌಂಡ್ ಪಕ್ಕ, ಒಂದು ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ. ಟೆರೇಸಿನದ್ದು ಡಿಸೆಂಬರ್‌ಗೆ ಹಳದಿ ಹಾಸಿನಂತೆ ಅರಳಿತು. ಕಾಂಪೌಂಡಿನದ್ದು ಬರೀ ಎಲೆ.

ಕಾರಣ, ಗೇಟಿನೆದುರಿನ ಎಲ್‌ಇಡಿ ಬೀದಿ ದೀಪ. ಸೇವಂತಿಗೆ ಮೊಗ್ಗು ಕಟ್ಟೋದು ಉದ್ದನೆಯ ಕತ್ತಲೆ ಸಿಕ್ಕಾಗ. ರಾತ್ರಿ ಬೆಳಕು ಬಿದ್ದರೆ ಗಿಡ ಇನ್ನೂ ಬೇಸಿಗೆಯ ದೀರ್ಘ ಹಗಲೇ ಅಂದುಕೊಳ್ಳುತ್ತೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ತುಂಬ ಸಾಲು ಸಾಲು ಬಲ್ಬು ಉರಿಯೋದನ್ನು ನೋಡಿರಬಹುದು. ಮಾರುಕಟ್ಟೆಗೆ ಬೇಕಾದ ಸಮಯಕ್ಕೆ ಹೂ ಬರಲಿ ಅಂತ ರೈತರು ಇದೇ ಗುಣವನ್ನು ಬಳಸಿಕೊಂಡು ಸೇವಂತಿಗೆಯನ್ನು ತಡೆದು ಹಿಡೀತಾರೆ. ನಮ್ಮ ಟೆರೇಸಿನಲ್ಲಿ ಟ್ಯಾಂಕಿನ ದಕ್ಷಿಣಕ್ಕೆ ಇಟ್ಟ ಕುಂಡಕ್ಕೆ ಹಗಲು ಚಳಿಗಾಲದ ಪೂರ್ತಿ ಬಿಸಿಲು, ರಾತ್ರಿ ಟ್ಯಾಂಕಿನ ಮರೆಯ ಪೂರ್ತಿ ಕತ್ತಲೆ. ಈಗ ಸೇವಂತಿಗೆಗಳೆಲ್ಲ ಅಲ್ಲಿಗೇ ವರ್ಗ ಆಗಿವೆ.

ಕನಕಾಂಬರದ ಇನ್ನೊಂದು ಆಟ ಮಕ್ಕಳಿರೋ ಮನೆಯವರು ನೋಡಲೇಬೇಕು. ಅದರ ಒಣಗಿದ ಕಾಯಿ ಒಂದೆರಡನ್ನು ನೀರಿಗೆ ಹಾಕಿ. ಸ್ವಲ್ಪ ಹೊತ್ತಿಗೇ ಪಟ್ ಅಂತ ಸಿಡಿದು ಬೀಜ ಎಸೆಯುತ್ತೆ. ಮೊದಲ ಮಳೆಗೆ ಗಿಡ ತನ್ನ ಬೀಜವನ್ನು ತಾನೇ ಬಿತ್ತಿಕೊಳ್ಳೋದು ಹೀಗೆ.

ನೀವೂ ಶುರು ಮಾಡೋದಾದರೆ

ಮೊದಲ ತಿಂಗಳು ಕಳೆ, ಕಸ, ಜಲ್ಲಿ ಮಾತ್ರ ತೆಗೀರಿ. ಇರೋ ಗಿಡಗಳ ಫೋಟೋ, ಗೊತ್ತಿದ್ದರೆ ಹೆಸರು ಬರೆದಿಡಿ. ಹೊಸ ಗಿಡ ತರೋ ಆಸೆ ತಡೆದುಕೊಳ್ಳಿ. ಜನವರಿ ಮತ್ತು ಆಗಸ್ಟ್‌ನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಖಾಲಿ ಕೈಯಲ್ಲಿ ಬರೋದು ಕಷ್ಟ, ಗೊತ್ತು. ಅದಕ್ಕೇ ಹೋಗುವ ಮೊದಲು ಎಷ್ಟು ಬಿಸಿಲಿನ ಜಾಗ ಖಾಲಿ ಇದೆ ಅಂತ ಅಳೆದುಕೊಂಡೇ ಹೋಗಿ. ಒಳ್ಳೆ ತಳಿ ಬೇಕಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿರುವ ‘ಅರ್ಕಾ’ ಹೆಸರಿನ ತಳಿಗಳನ್ನು ಕೇಳಿ. ಸುಗಂಧರಾಜದಲ್ಲಿ ಅರ್ಕಾ ಪ್ರಜ್ವಲ್, ಕನಕಾಂಬರದಲ್ಲಿ ಅರ್ಕಾ ಶ್ರೇಯಾ ಇಂಥವು.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ನಾನು ಬೆಳಗಿನ ಸ್ಟ್ಯಾಂಡಪ್ ಮೀಟಿಂಗಿಗೆ ಮುಂಚೆ ಹೋಗ್ತೀನಿ, ಫೋನ್ ಒಳಗೇ ಬಿಟ್ಟು. ದಾಸವಾಳಕ್ಕೆ ಬರೋ ಸೂರಕ್ಕಿ ಜೋಡಿ, ಕರಿಬೇವಿನ ಎಲೆ ತಿಂದು ಚಿಟ್ಟೆಯಾಗೋ ಹಸಿರು ಹುಳು, ನಿನ್ನೆ ಇಲ್ಲದ ಒಂದು ಮೊಗ್ಗು. ಇಷ್ಟನ್ನು ನೋಡಿ ಒಳಗೆ ಬಂದರೆ ಇನ್‌ಬಾಕ್ಸ್‌ನಲ್ಲಿ ಕಾದಿರೋ ಕೆಂಪು ಗುರುತಿನ ಮೇಲ್‌ಗಳು ಅಷ್ಟೊಂದು ಹೆದರಿಸೋಲ್ಲ.

ಮತ್ತೆ, ಇರೋದನ್ನು ಹಂಚಿ. ಮಲ್ಲಿಗೆಯ ಒಂದು ತಗ್ಗು ಕೊಂಬೆಯನ್ನು ಬಗ್ಗಿಸಿ, ಗಿಣ್ಣಿನ ಹತ್ತಿರ ತೊಗಟೆ ಸ್ವಲ್ಪ ಸೀಳಿ, ಆ ಭಾಗವನ್ನು ಮಣ್ಣಲ್ಲಿ ಹೂತು ಮೇಲೊಂದು ಕಲ್ಲಿಡಿ. ಮಳೆಗಾಲದಲ್ಲಿ ಎರಡು-ಮೂರು ತಿಂಗಳಿಗೆ ಬೇರು ಬರುತ್ತೆ. ಆಮೇಲೆ ತಾಯಿ ಗಿಡದಿಂದ ಕತ್ತರಿಸಿ ಕುಂಡಕ್ಕೆ ಹಾಕಬಹುದು. ನಾವು ಹಾಗೆ ಮಾಡಿದ ಮೂರು ಗಿಡಗಳಲ್ಲಿ ಒಂದು ಎದುರು ಮನೆಗೆ, ಒಂದು ನನ್ನ ಅಮ್ಮನಿಗೆ ತುಮಕೂರಿಗೆ ಹೋಯ್ತು. ಮೂರನೆಯದನ್ನು ಅತ್ತೆ ಗೋಣಿ ಸುತ್ತಿ, ಬುಡಕ್ಕೆ ಒದ್ದೆ ಬಟ್ಟೆ ಕಟ್ಟಿ, ದಾರಿಯುದ್ದಕ್ಕೂ ತೊಡೆ ಮೇಲೆ ಇಟ್ಟುಕೊಂಡು ಮೈಸೂರಿನ ಆ ಹಿರಿಯರ ಬಾಲ್ಕನಿಗೆ ತಲುಪಿಸಿ ಬಂದರು. ಇಬ್ಬರೂ ಎರಡು ಗಂಟೆ ಮಾತಾಡಿದರಂತೆ. ಏನು ಅಂತ ಕೇಳಿದರೆ, ‘ಅವರು ನಮ್ಮನೆ ಗಿಡದ್ದೆಲ್ಲ ಕೇಳಿದ್ರು, ನಾ ಹೇಳಿದೆ’ ಅಂದ್ರು.